ಕಾಂಪೌಂಡ್ ತುಂಬ ಜಾಗ ಉಂಟು, ಆದರೂ ನಾಯಿಗೆ ದಿನಾ ವಾಕಿಂಗ್ ಬೇಕಾ?

ಕಾವೂರಿನವ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು ಕಾವೂರಿನಲ್ಲಿ ಹಳೆಯ ಮನೆ. ಸುತ್ತ ಕಾಂಪೌಂಡ್, ತೆಂಗಿನಮರಗಳು, ದೊಡ್ಡ ಅಂಗಳ. ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್ ಇದ್ದಾನೆ, ಬ್ರೂನೋ. ಕಟ್ಟಿ ಹಾಕುವುದಿಲ್ಲ, ಇಡೀ ದಿನ ಬಿಟ್ಟೇ ಇರುತ್ತೇವೆ. ಮೊನ್ನೆ ಇಂಜೆಕ್ಷನ್ ಕೊಡಿಸಲು ಹೋದಾಗ 41 ಕಿಲೋ ತೂಗಿದ. ತೂಕ ಇಳಿಸಿ, ದಿನಾ ನಡೆಸಿ ಅಂದರು ಡಾಕ್ಟರು. "ಇಷ್ಟು ದೊಡ್ಡ ಅಂಗಳ ಇರುವಾಗ ರಸ್ತೆಗೆ ಯಾಕೆ?" ಅಂತಾರೆ ಅಪ್ಪ. ಇತ್ತೀಚೆಗೆ ತೆಂಗಿನ ಬುಡ ಅಗೆಯುತ್ತಾನೆ. ಗೇಟಿನೆದುರು ಒಂದು ಸ್ಕೂಟರ್ ಹೋದರೂ ಬೊಗಳುತ್ತಾನೆ. ನನಗೆ ಎಂಟು ಗಂಟೆಗೆ ಕೆಲಸಕ್ಕೆ ಹೊರಡಬೇಕು, ಮಳೆ ಬೇರೆ ಶುರುವಾಗಿದೆ. ನಿಜವಾಗಿ ದಿನಾ ಬೇಕಾ? ಎಷ್ಟು ಹೊತ್ತು?

ಸುರತ್ಕಲ್ ಬೀಚ್ ರೋಡ್:
ದಿನಾ ಆಗದಿದ್ದರೆ ಭಾನುವಾರ ಬೀಚಿಗೆ ಕರ್ಕೊಂಡು ಹೋಗಿ, ಚೆಂಡು ಎಸೆದು ಒಂದೆರಡು ಗಂಟೆ ಚೆನ್ನಾಗಿ ಓಡಿಸಿ. ವಾರಕ್ಕೆ ಅಷ್ಟು ಸಾಕಾಗ್ತದೆ ಅಂತ ನನ್ನ ಅನಿಸಿಕೆ.

ಪಡುಕೆರೆ ಅಕ್ಕ:
ತಮ್ಮಾ, ದಿನಾ ಬೇಕು. ಅಂಗಳ ಎಷ್ಟು ದೊಡ್ಡದಿದ್ದರೂ ಬೇಕು. ನಾನು ಮಲ್ಪೆ ಪಡುಕೆರೆಯವಳು. ಮನೆಯಲ್ಲಿ ಲ್ಯಾಬ್ ಸಾಕಿದ್ದೇವೆ, ಈಗ ಊರುನಾಯಿ ಕಾಳಿ ಇದ್ದಾಳೆ. ಅಂಗಳದಲ್ಲಿ ಒಂಟಿಯಾಗಿ ಬಿಟ್ಟ ನಾಯಿ ಓಡಾಡುವುದಿಲ್ಲ. ಒಂದು ಸುತ್ತು ಹೊಡೆದು ಮೆಟ್ಟಿಲ ಬುಡದಲ್ಲಿ ಮಲಗುತ್ತದೆ. ನಿಮ್ಮ ಬ್ರೂನೋನನ್ನು ಒಂದು ಮಧ್ಯಾಹ್ನ ಕೂತು ನೋಡಿ, ಗೊತ್ತಾಗ್ತದೆ. ಬುಡ ಅಗೆಯುವುದು, ಸ್ಕೂಟರಿಗೆ ಬೊಗಳುವುದು ಹೆಚ್ಚಾಗಿ ಮಾಡಲು ಬೇರೇನೂ ಇಲ್ಲದ್ದಕ್ಕೆ. ಅವನು ಕೆಟ್ಟವನಲ್ಲ, ಬೇಜಾರಾಗಿದೆ ಅಷ್ಟೇ.

ವಾಕಿಂಗ್ ಅಂದರೆ ಕಾಲಿನ ಕೆಲಸ ಅಂತ ಎಲ್ಲರೂ ತಿಳಿಯುತ್ತಾರೆ. ನಾಯಿಗೆ ಅದು ಅರ್ಧಕ್ಕರ್ಧ ಮೂಗಿನ ಕೆಲಸ. ಕಾಳಿ ದಾರಿಯಲ್ಲಿ ಒಂದು ಕೆಂಪುಕಲ್ಲಿನ ಗೋಡೆಯ ಹತ್ತಿರ ನಿಲ್ಲುತ್ತಾಳೆ. ಕಲ್ಲಿನ ತೂತಿಗೆ ಮೂಗು ತಾಗಿಸಿದಳೆಂದರೆ ಬಾಲ ಅಲುಗುವುದು ನಿಲ್ಲುತ್ತದೆ. ಮೂಗಿನ ಬದಿಯ ಸೀಳುಗಳು ಮಾತ್ರ ಪಟಪಟ ಅಲುಗುತ್ತವೆ. ಬಿಟ್ಟ ಉಸಿರು ಆ ಸೀಳಿನಿಂದ ಆಚೆ ಹೋಗ್ತದೆ, ಹಾಗಾಗಿ ಒಳಗೆ ಬರುವ ವಾಸನೆ ಕೆಡುವುದಿಲ್ಲ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಅರ್ಧ ಕೋಟಿಯ ಆಸುಪಾಸು. ನಾಯಿಗೆ ಹತ್ತು ಕೋಟಿಗೂ ಜಾಸ್ತಿ. ಆ ಗೋಡೆಯ ಹತ್ತಿರ ಅವಸರ ಮಾಡಿ ಎಳೆದುಬಿಟ್ಟರೆ ಅವಳು ಮನೆಗೆ ಬಂದ ಮೇಲೂ ಚಡಪಡಿಸುತ್ತಾಳೆ. ಸಾಕಷ್ಟು ಮೂಸಲು ಬಿಟ್ಟರೆ ನೀರು ಕುಡಿದು ಮಲಗಿದವಳು ಏಳುವುದೇ ಇಲ್ಲ. ನಿಮ್ಮ ಅಂಗಳದ ವಾಸನೆಯೆಲ್ಲ ಬ್ರೂನೋಗೆ ಹಳೆಯದು.

ಇನ್ನು ತೂಕ. ಗಂಡು ಲ್ಯಾಬ್ ಸಾಮಾನ್ಯವಾಗಿ 29ರಿಂದ 36 ಕಿಲೋ ಇರಬೇಕು. ಈ ಜಾತಿಗೆ ಹಸಿವು ಜಾಸ್ತಿ ಅನ್ನುವುದಕ್ಕೆ ಕಾರಣವೂ ಉಂಟು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಲ್ಯಾಬ್‌ಗಳ ಒಂದು ಜೀನ್‌ನಲ್ಲಿ ವ್ಯತ್ಯಾಸ ಕಂಡುಹಿಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಅದು ಇದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಅಂಥ ನಾಯಿಗಳ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಹಾಗಾಗಿ ಕಣ್ಣು ಅಗಲ ಮಾಡಿ ನೋಡಿದ ಅಂತ ಕುಚ್ಚಲಕ್ಕಿ ಅನ್ನ ಇನ್ನೊಂದು ಸೌಟು ಹಾಕಬೇಡಿ. ಬರೀ ನಡೆಸಿದರೆ ತೂಕ ಇಳಿಯುವುದಿಲ್ಲ, ಊಟವೂ ಕಡಿಮೆಯಾಗಬೇಕು. 2002ರಲ್ಲಿ ಹೊರಬಂದ ಅಮೆರಿಕದ ಒಂದು ಅಧ್ಯಯನದಲ್ಲಿ 48 ಲ್ಯಾಬ್‌ಗಳನ್ನು ಮರಿಯಾಗಿದ್ದಾಗಿನಿಂದ ಸಾಯುವವರೆಗೆ ನೋಡಿಕೊಂಡರು. ಕಾಲುಭಾಗ ಕಡಿಮೆ ತಿಂದು ತೆಳ್ಳಗಿದ್ದ ನಾಯಿಗಳು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಸಂಧಿನೋವೂ ಅವಕ್ಕೆ ತಡವಾಗಿ ಬಂತು. ಅಂಗೈಯಿಂದ ಪಕ್ಕೆ ಸವರಿ. ಒತ್ತದೆ ಎಲುಬು ಸಿಗಬೇಕು.

ಸುರತ್ಕಲ್‌ನವರೇ, ತಪ್ಪು ತಿಳಿಯಬೇಡಿ, ಭಾನುವಾರದ ಓಟ ಇವನಿಗೆ ಬೇಡವೇ ಬೇಡ. ಆರು ದಿನ ಮಲಗಿದ 41 ಕಿಲೋ ನಾಯಿ ಮರಳಿನಲ್ಲಿ ಚೆಂಡಿಗೆ ಹಾರಿ ಗಕ್ಕನೆ ತಿರುಗಿದರೆ ಮೊಣಕಾಲಿನ ಎಲುಬು ಹಿಡಿದಿಡುವ ಲಿಗಮೆಂಟ್ ಹರಿಯಬಹುದು. ಲ್ಯಾಬ್‌ಗಳಿಗೆ ಅದು ಮೊದಲೇ ಜಾಸ್ತಿ. ಸಂಧಿಯಲ್ಲಿ ಎಲುಬಿನ ತುದಿ ಮುಚ್ಚುವ ಮೃದ್ವಸ್ಥಿಗೆ ರಕ್ತನಾಳ ಇಲ್ಲ, ಕಾಲು ಅಲುಗಿದಾಗ ಅಲ್ಲಿನ ದ್ರವದಿಂದಲೇ ಅದಕ್ಕೆ ಆಹಾರ. ಅದಕ್ಕೇ ದಿನಾ ಸ್ವಲ್ಪ ನಡೆಯುವುದು ವಾರಕ್ಕೊಮ್ಮೆ ಜಾಸ್ತಿ ಓಡುವುದಕ್ಕಿಂತ ಒಳ್ಳೆಯದು.

ಹೊತ್ತು: ಮೊದಲ ವಾರ ಬೆಳಿಗ್ಗೆ 15 ನಿಮಿಷ, ಸಂಜೆ 15. ಆಮೇಲೆ ನಿಧಾನಕ್ಕೆ ಅರ್ಧ ಅರ್ಧ ಗಂಟೆಗೆ ತನ್ನಿ. ಹಿಂದೆ ಬಿದ್ದರೆ, ಕುಂಟಿದರೆ ನಿಲ್ಲಿಸಿ. ಊಟ ವಾಕಿಂಗ್ ಆಗಿ ಸ್ವಲ್ಪ ಹೊತ್ತು ಬಿಟ್ಟು ಕೊಡಿ.

ಕಾವೂರಿನವ:
ಅಕ್ಕ, ತುಂಬ ಥ್ಯಾಂಕ್ಸ್. ಮಳೆಗೆ ಎಂತ ಮಾಡುವುದು? ಮತ್ತೆ ನಮ್ಮ ಓಣಿಯ ತಿರುವಿನಲ್ಲಿ ಮೀನಿನ ಅಂಗಡಿ ಉಂಟು, ಅಲ್ಲಿ ಬೀದಿನಾಯಿಗಳ ಗುಂಪು.

ಮಣ್ಣಪಳ್ಳ ವಾಕರ್:
ಬೀದಿನಾಯಿಗಳು ಊಟ ಸಿಗುವ ಜಾಗವನ್ನು ಬಿಟ್ಟುಕೊಡುವುದಿಲ್ಲ. ಅಂಗಡಿ ಕಡೆ ಹೋಗಬೇಡಿ, ಇನ್ನೊಂದು ದಿಕ್ಕಿಗೆ ತಿರುಗಿ. ಎದುರಾದರೆ ಓಡಬೇಡಿ, ಬೆಲ್ಟ್ ಬಿಗಿಯಾಗಿ ಎಳೆದು ಹಿಡಿಯಬೇಡಿ. ಬಿಗಿ ಹಿಡಿದಷ್ಟೂ ನಿಮ್ಮ ನಾಯಿಗೆ ಗಾಬರಿ. ನನ್ನದು ಪಗ್, ಮಣಿಪಾಲದಲ್ಲಿ ಕೆರೆ ಸುತ್ತ ನಡೆಸುತ್ತೇನೆ. ಚಪ್ಪಟೆ ಮೂತಿಯ ನಾಯಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಹೊತ್ತಿನ ಲೆಕ್ಕ ನಿಮಗಲ್ಲ. ಅವಕ್ಕೆ ಬೇಗ ಉಸಿರು ಕಟ್ಟುತ್ತದೆ, ಇನ್ನೂ ಕಡಿಮೆ, ಇನ್ನೂ ನಿಧಾನ.

ಪಡುಕೆರೆ ಅಕ್ಕ:
ಮಳೆ ಸ್ವಲ್ಪ ನಿಂತ ಕೂಡಲೇ ಹೊರಡಿ, ಹತ್ತು ನಿಮಿಷವಾದರೂ ಆಯ್ತು. ನಿಂತ ನೀರು ಕುಡಿಯಲು ಬಿಡಬೇಡಿ. ಇಲಿಯ ಮೂತ್ರದಿಂದ ಲೆಪ್ಟೋ ಬರ್ತದೆ, ಇಲಿ ಜ್ವರ ಅಂತೇವಲ್ಲ, ಅದೇ. ಮನುಷ್ಯರಿಗೂ ಹರಡುತ್ತದೆ. ಅದರ ಲಸಿಕೆ ವರ್ಷವರ್ಷ ಹಾಕಿಸಿದ್ದೀರಾ ಅಂತ ಪುಸ್ತಕ ತೆಗೆದು ನೋಡಿ. ಮನೆಗೆ ಬಂದ ಮೇಲೆ ಬೆರಳ ಸಂದಿ ಒಣಬಟ್ಟೆಯಲ್ಲಿ ಒರೆಸಿ, ಕಿವಿಯೊಳಗೆ ಉಣ್ಣಿ ಹುಡುಕಿ. ಜಡಿಮಳೆಯ ದಿನ ಅವನ ಪಾಲಿನ ಊಟದಿಂದಲೇ ಒಂದು ಹಿಡಿ ತೆಗೆದು ಗೋಣಿಚೀಲದ ಮಡಿಕೆಗಳಲ್ಲಿ ಅಡಗಿಸಿಡಿ, ಹುಡುಕಿ ತಿನ್ನಲಿ.

ಮಳೆಗಿಂತ ನನಗೆ ಭಯ ಏಪ್ರಿಲ್, ಮೇ. ನಾಯಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ತಂಪು. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ಎಷ್ಟು ತೇಕಿದರೂ ಬೇಗ ಆರುವುದಿಲ್ಲ. ಆಗ ಬೆಳಿಗ್ಗೆ ಆರೂವರೆಯೊಳಗೆ ಮುಗಿಸಿ. ಜೊಲ್ಲು ಗಟ್ಟಿಯಾಗಿ, ವಸಡು ಕೆಂಪಾಗಿ, ಕಾಲು ತಡವರಿಸಿದರೆ ಅಲ್ಲೇ ನೆರಳಲ್ಲಿ ಮೈಗೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ, ಆಮೇಲೆ ಡಾಕ್ಟರ ಹತ್ತಿರ ಓಡಿ.

ಸಂಜೆಯ ವಾಕಿಂಗ್ ಅಪ್ಪನಿಗೆ ಕೊಡಿ. ನಿಧಾನ ನಡೆದರೆ ಬ್ರೂನೋಗೆ ಮೂಸಲು ಇನ್ನೂ ಒಳ್ಳೆಯದು. ಆದರೆ ಕುತ್ತಿಗೆಯ ಬೆಲ್ಟ್ ಬೇಡ, ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ತನ್ನಿ. 41 ಕಿಲೋ ಎಳೆದರೆ ವಯಸ್ಸಾದವರ ಕೈ ತಡೆಯುವುದಿಲ್ಲ.