ಲ್ಯಾಬ್‌ನವರನ್ನು ಕೇಳಿ: ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ಗೊತ್ತಾಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ರೋಗಿಗಳ ಮಲ, ರಕ್ತ, ಕೋಳಿ ಶೆಡ್ಡಿನ ಧೂಳು, ಚರಂಡಿ ನೀರು ಎಲ್ಲ ನಮ್ಮ ಮೇಜಿಗೆ ಬರುತ್ತೆ. ಊಟ ಮಾಡುತ್ತಾ ಓದುತ್ತಿದ್ದರೆ ಆಮೇಲೆ ಬನ್ನಿ. ಈ ವಾರ ಸಾಲ್ಮೊನೆಲ್ಲಾ ಬಗ್ಗೆ ಕೇಳಿ, ಅಂದರೆ ಭೇದಿ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಗುಂಪು. ಗೊತ್ತಿರೋದನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ಮಗನಿಗೆ ಮೂರು ದಿನ ಜ್ವರ, ಭೇದಿ ಇತ್ತು. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಎರಡು ಸಲ ಕೊಟ್ಟು, ಆಮೇಲೆ ಮಲ ಪರೀಕ್ಷೆಗೆ ಕೊಟ್ಟೆವು. ನಾಲ್ಕು ದಿನ ಕಾಯಿಸಿ 'ಸಾಲ್ಮೊನೆಲ್ಲಾ ಬೆಳೆದಿಲ್ಲ' ಅಂತ ರಿಪೋರ್ಟ್ ಕೊಟ್ಟರು. ಇಲ್ಲ ಅಂತಲೇ ಅರ್ಥ ಅಲ್ವಾ?

ಉತ್ತರ: ಅಷ್ಟು ಧೈರ್ಯವಾಗಿ ಹೇಳೋಕಾಗಲ್ಲ. ನೀವು ಕೊಟ್ಟ ಡಬ್ಬಿಯಲ್ಲಿ ಇದ್ದದ್ದರಿಂದ ಬೆಳೆಯಲಿಲ್ಲ, ಆ ಕಾಗದ ಹೇಳೋದು ಇಷ್ಟೇ. ಮೊದಲೇ ಔಷಧಿ ಕೊಟ್ಟಿದ್ದೀರಿ. ಬ್ಯಾಕ್ಟೀರಿಯಾ ಅರೆಜೀವವಾಗಿದ್ದರೆ ನಾವು ಅದನ್ನು ಬೆಳೆಸುವ ಪ್ಲೇಟ್ ಮೇಲೆ ತಲೆ ಎತ್ತಲ್ಲ. ಮಲ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಹಾಗೇ ಕೂತಿದ್ದರೂ ಅದೇ ಕಥೆ. ತಡವಾಗುತ್ತೆ ಅಂತ ಗೊತ್ತಿದ್ದರೆ ಬ್ಯಾಕ್ಟೀರಿಯಾ ಸಾಯದಂತೆ ಕಾಪಾಡುವ ಕ್ಯಾರಿ-ಬ್ಲೇರ್ ಅನ್ನೋ ಮಾಧ್ಯಮ ಇರುವ ಟ್ಯೂಬ್ ಕೇಳಿ ತಗೊಳ್ಳಿ. ಲೋಳೆ ಅಥವಾ ರಕ್ತ ಇರುವ ಭಾಗವನ್ನೇ ಆರಿಸಿ ಟ್ಯೂಬಿಗೆ ಹಾಕಿ.

ನಾಲ್ಕು ದಿನ ಸುಮ್ನೆ ಕಾಯಿಸಿದ್ದಲ್ಲ. ಮಲದಲ್ಲಿ ಬೇರೆ ಬ್ಯಾಕ್ಟೀರಿಯಾಗಳ ಜಾತ್ರೆಯೇ ಇರುತ್ತೆ. ಅದರ ನಡುವೆ ಸಾಲ್ಮೊನೆಲ್ಲಾಗೆ ಮಾತ್ರ ಅನುಕೂಲವಾಗುವ ದ್ರವದಲ್ಲಿ ಒಂದು ರಾತ್ರಿ ಬೆಳೆಸಬೇಕು. ಆಮೇಲೆ ಎಕ್ಸ್‌ಎಲ್‌ಡಿ ಅನ್ನೋ ಕೆಂಪು ಪ್ಲೇಟ್ ಮೇಲೆ ಗೆರೆ ಎಳೆದು ಇನ್ನೊಂದು ರಾತ್ರಿ. ಬೆಳಗ್ಗೆ ತೆಗೆದು ನೋಡಿದರೆ ಗುಲಾಬಿ-ಕೆಂಪು ಹಿನ್ನೆಲೆಯಲ್ಲಿ ಸಣ್ಣ ಸಣ್ಣ ಗುಂಪುಗಳು, ಪ್ರತಿಯೊಂದರ ನಡುವೆ ದೃಷ್ಟಿಬೊಟ್ಟು ಇಟ್ಟ ಹಾಗೆ ಕಪ್ಪು ಚುಕ್ಕಿ. ಅದು ಹೈಡ್ರೋಜನ್ ಸಲ್ಫೈಡ್‌ನಿಂದ ಬರುವ ಕಪ್ಪು. ಆದರೆ ಕಪ್ಪು ಬೊಟ್ಟು ಇದ್ದದ್ದೆಲ್ಲ ಸಾಲ್ಮೊನೆಲ್ಲಾ ಅಲ್ಲ, ಪ್ರೋಟಿಯಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ ಕೂಡ ಮೋಸ ಮಾಡುತ್ತೆ. ಪ್ಯಾರಾಟೈಫಿ ಎ ತರಹದ ಸಾಲ್ಮೊನೆಲ್ಲಾ ವಿಧಗಳು ಬೊಟ್ಟೇ ಇಡದೆ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಅನುಮಾನ ಬಂದ ಗುಂಪನ್ನು ಮತ್ತೆ ಸಕ್ಕರೆ, ಯೂರಿಯಾ ಪರೀಕ್ಷೆಗಳಿಗೆ ಹಾಕಬೇಕು. ಕೊನೆಗೆ ಸಾಲ್ಮೊನೆಲ್ಲಾವನ್ನು ಹಿಡಿಯುವ ಆ್ಯಂಟಿಬಾಡಿ ಇರುವ ಆ್ಯಂಟಿಸೀರಮ್ ಹನಿ ಹಾಕಿ ಗಾಜಿನ ಮೇಲೆ ಅಲ್ಲಾಡಿಸಬೇಕು. ಹಾಲು ಒಡೆದ ಹಾಗೆ ಕಾಳುಕಾಳಾದರೆ ಸಿಕ್ಕಿಬಿತ್ತು.

ಮಗ ಈಗ ಆಡ್ತಾ, ತಿಂತಾ ಇದ್ದರೆ ರಿಪೋರ್ಟ್ ಹಿಂದೆ ಬೀಳಬೇಡಿ. ಆರೋಗ್ಯವಂತರಲ್ಲಿ ಸಾಲ್ಮೊನೆಲ್ಲಾ ಭೇದಿ ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ನಿಲ್ಲುತ್ತೆ, ಆ್ಯಂಟಿಬಯೋಟಿಕ್ ಬೇಕಾಗೋದೇ ಕಡಿಮೆ. ಜ್ವರ ಇಳಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ನೀರೂ ಕುಡಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಉಳಿದ ಮಾತ್ರೆ ಕೊಡುವ ಅಭ್ಯಾಸ ಮಾತ್ರ ಬಿಡಿ, ಬೈದೆ ಅಂದುಕೊಳ್ಳಬೇಡಿ.

ಪ್ರಶ್ನೆ: ನನಗೆ ವಿಡಾಲ್ ಪಾಸಿಟಿವ್ ಬಂತು. ಟೈಫಾಯ್ಡ್ ಅಂತ ಖಾತ್ರಿನಾ?

ಉತ್ತರ: ಒಂದೇ ವಿಡಾಲ್ ನಂಬಿ ನಾನಂತೂ ಟೈಫಾಯ್ಡ್ ಅನ್ನಲ್ಲ. ಅದು 1896ರ ಪರೀಕ್ಷೆ. ಬ್ಯಾಕ್ಟೀರಿಯಾವನ್ನು ಹುಡುಕೋದಿಲ್ಲ, ನಿಮ್ಮ ರಕ್ತದಲ್ಲಿರುವ ಆ್ಯಂಟಿಬಾಡಿಯನ್ನು ನೋಡುತ್ತೆ. ಹಿಂದೆ ಯಾವಾಗಲೋ ಬಂದಿದ್ದ ಸೋಂಕು, ಹಾಕಿಸಿಕೊಂಡ ಲಸಿಕೆ, ಬೇರೆ ಜ್ವರ, ಇವಕ್ಕೂ ಪಾಸಿಟಿವ್ ತೋರಿಸಬಹುದು. ಬ್ಯಾಕ್ಟೀರಿಯಾವನ್ನೇ ಹಿಡಿಯಬೇಕಾದರೆ ಬ್ಲಡ್ ಕಲ್ಚರ್, ಅಂದರೆ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡೋದು, ಬೇಕು. ಮೊದಲ ವಾರದಲ್ಲೇ, ಔಷಧಿ ಶುರು ಮಾಡೋ ಮೊದಲೇ. ಅದೂ ನೂರಕ್ಕೆ ನೂರು ಹಿಡಿಯಲ್ಲ, ಹತ್ತರಲ್ಲಿ ಐದಾರು ಸಿಕ್ಕರೆ ಹೆಚ್ಚು. ರಕ್ತದಲ್ಲಿ ಅವು ಅಷ್ಟು ವಿರಳ. ಅದಕ್ಕೇ ದೊಡ್ಡವರಿಂದ 10 ಮಿ.ಲೀ.ನಷ್ಟು ರಕ್ತ ಕೇಳೋದು. 'ಇಷ್ಟೊಂದು ಯಾಕೆ ತೆಗೀತೀರಿ' ಅಂತ ಜಗಳ ಆಡಬೇಡಿ, ದಯವಿಟ್ಟು.

ಪ್ರಶ್ನೆ: ಮೇಡಂ, ನಮ್ಮದು ಮೊಟ್ಟೆ ಕೋಳಿ ಫಾರಂ. ಐದು ಕೋಳಿಗಳ ಹಿಂಭಾಗದಿಂದ ಸ್ವಾಬ್ ತೆಗೆಸಿದೆ, ಐದೂ ನೆಗೆಟಿವ್. ಕೋಳಿಗಳೂ ಚೆನ್ನಾಗಿಯೇ ಇವೆ. ಇನ್ನು ನಿಶ್ಚಿಂತೆ ಅಲ್ವಾ?

ಉತ್ತರ: ಸರ್, ಇದಕ್ಕೆ ಸ್ವಲ್ಪ ಉದ್ದ ಹೇಳಬೇಕು.

ಎಂಟರೈಟಿಡಿಸ್ ಅನ್ನೋ ವಿಧ ಇರುವ ಕೋಳಿ ನೋಡೋಕೆ ಗಟ್ಟಿಮುಟ್ಟಾಗೇ ಇರುತ್ತೆ. ಅಂಡಾಶಯದಲ್ಲಿ ಸೇರಿಕೊಂಡು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಹೋಗಬಲ್ಲದು. ಹಾಗಾಗಿ 'ಚೆನ್ನಾಗಿವೆ' ಅನ್ನೋದು ಲೆಕ್ಕಕ್ಕಿಲ್ಲ. ಎರಡನೆಯದು, ಕೋಳಿ ದಿನಾ ಬ್ಯಾಕ್ಟೀರಿಯಾ ಹೊರಹಾಕಲ್ಲ. ಇವತ್ತು ಹಾಕಿ ನಾಲ್ಕು ದಿನ ಸುಮ್ಮನಿರುತ್ತೆ. ಮೂರನೆಯದು ಬರೀ ಲೆಕ್ಕ. ಹತ್ತರಲ್ಲಿ ಒಂದು ಕೋಳಿ ಸೋಂಕು ಹೊರಹಾಕುತ್ತಿದ್ದರೂ ಐದು ಕೋಳಿ ನೋಡಿದಾಗ ಐದೂ ನೆಗೆಟಿವ್ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 30 ಕೋಳಿ ನೋಡಿದರೆ ಒಂದಾದರೂ ಸಿಗುವ ಸಾಧ್ಯತೆ ಶೇ. 95ರ ಹತ್ತಿರ ಬರುತ್ತೆ.

ಅಷ್ಟು ಕೋಳಿ ಹಿಡಿಯೋ ಬದಲು ನೆಲವನ್ನೇ ಕೇಳಿ. ಬೂಟಿನ ಮೇಲೆ ಬಟ್ಟೆಯ ಕವರ್ ಹಾಕಿಕೊಂಡು ಶೆಡ್ಡಿನ ತುಂಬ ನಡೆಯಿರಿ. ಒಂದು ಜೊತೆಗೆ ಕನಿಷ್ಠ 100 ಹೆಜ್ಜೆ. ಮೂಲೆ, ನೀರಿನ ಸಾಲು, ಮೇವಿನ ಸಾಲು ಎಲ್ಲಾ ಕಡೆ. ಒಂದು ಕವರ್ ನೂರಾರು ಕೋಳಿಗಳ ಹಿಕ್ಕೆಯನ್ನು ಒಟ್ಟಿಗೆ ಹೊತ್ತು ತರುತ್ತೆ. ನಿಮ್ಮದು ಪಂಜರ ಇರುವ ಶೆಡ್ ಆದರೆ ನಡೆದು ಪ್ರಯೋಜನವಿಲ್ಲ. ಹಿಕ್ಕೆ ಬೀಳುವ ಬೆಲ್ಟು, ಗುಂಡಿಗಳಿಂದ ಬೇರೆ ಬೇರೆ ಕಡೆ ಎತ್ತಿ ಸೇರಿಸಿ. ಫ್ಯಾನ್ ಮೇಲಿನ ಧೂಳನ್ನೂ ಬಿಡಬೇಡಿ. ಒಣ ಧೂಳಿನಲ್ಲಿ ಇದು ತಿಂಗಳುಗಟ್ಟಲೆ ಬದುಕುತ್ತೆ.

ಧೂಳಿನಲ್ಲಿ ಒಣಗಿ ಸೊರಗಿದ ಬ್ಯಾಕ್ಟೀರಿಯಾವನ್ನು ನಾವು ನೇರವಾಗಿ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಖಾರವಾದ ಮಾಧ್ಯಮಕ್ಕೆ ಹಾಕಲ್ಲ. ಉಪವಾಸ ಬಿದ್ದವನಿಗೆ ಮೊದಲು ಗಂಜಿ ಕೊಡ್ತೀವಲ್ಲ, ಹಾಗೆ ಪೆಪ್ಟೋನ್ ನೀರಿನಲ್ಲಿ 18 ಗಂಟೆ ಇಡ್ತೀವಿ. ಆಮೇಲೆ ಅರೆಗಟ್ಟಿ ಜೆಲ್ ಇರುವ ಪ್ಲೇಟಿಗೆ ಮೂರು ಹನಿ ಬಿಟ್ಟು 41.5 ಡಿಗ್ರಿಯಲ್ಲಿ ಇಡ್ತೀವಿ. ಸಾಲ್ಮೊನೆಲ್ಲಾ ಈಜುತ್ತೆ. ಹನಿಯ ಸುತ್ತ ಬಿಳಿಮಂಜು ಹರಡಿದ ಹಾಗೆ ವರ್ತುಲ ದೊಡ್ಡದಾಗುತ್ತಾ ಹೋಗುತ್ತೆ. ಎಷ್ಟು ಸಲ ನೋಡಿದ್ದರೂ ನನಗೆ ಬೇಜಾರಾಗಿಲ್ಲ.

ಇಲ್ಲೊಂದು ಬಲೆ ಇದೆ. ಪುಲ್ಲೋರಮ್, ಗ್ಯಾಲಿನೇರಮ್ ಅನ್ನೋ ಎರಡು ಕೋಳಿ ರೋಗದ ವಿಧಗಳಿಗೆ ಈಜು ಬರಲ್ಲ. ಈ ಪ್ಲೇಟಿನಲ್ಲಿ ಅವು ತಪ್ಪಿಸಿಕೊಳ್ಳುತ್ತವೆ. ಮರಿಗಳು ಬಿಳಿ ಭೇದಿಯಾಗಿ ಸಾಯುತ್ತಿದ್ದರೆ ಪಶುವೈದ್ಯರಿಗೆ ಹೇಳಿ. ಕೋಳಿಯ ಒಂದು ಹನಿ ರಕ್ತವನ್ನು ಬಣ್ಣದ ಆ್ಯಂಟಿಜೆನ್ (ಬಣ್ಣ ಹಾಕಿದ ಸತ್ತ ಬ್ಯಾಕ್ಟೀರಿಯಾ) ಜೊತೆ ಬೆರೆಸಿ ನೋಡುವ ಪರೀಕ್ಷೆ ಇದೆ, ಶೆಡ್ಡಿನಲ್ಲೇ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಸತ್ತ ಮರಿಯ ಅಂಗಗಳಿಂದ ಕಲ್ಚರ್ ಮಾಡಿಸೋದು ಇನ್ನೂ ಖಚಿತ.

ಪ್ರಶ್ನೆ: ನಾನು ಎಂಎಸ್‌ಸಿ ವಿದ್ಯಾರ್ಥಿ. ಪಿಸಿಆರ್ ಇದ್ದ ಮೇಲೆ ಇನ್ನೂ ಪ್ಲೇಟ್ ಯಾಕೆ ಮೇಡಂ?

ಉತ್ತರ: ಡಿಎನ್ಎ ತುಣುಕನ್ನು ನಕಲು ಮಾಡಿ ಹುಡುಕುವ ಪಿಸಿಆರ್ ಬೇಗ ಹೇಳುತ್ತೆ, ಹೌದು. ಸಾಮಾನ್ಯವಾಗಿ ಸಾಲ್ಮೊನೆಲ್ಲಾದ ಇನ್ವ್-ಎ ಜೀನ್ ಹುಡುಕ್ತೀವಿ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಅದಕ್ಕೆ ಒಂದೇ. ಔಷಧಿ ಸಿಂಪಡಿಸಿದ ಶೆಡ್ಡಿನಲ್ಲಿ ಪಾಸಿಟಿವ್ ಬಂದರೆ ಅದು ಬದುಕಿದ್ದೋ ಹೆಣವೋ? ಜೊತೆಗೆ, ಯಾವ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತೆ ಅಂತ ಪೂರ್ತಿ ನೋಡೋಕೆ, ವಿಧ ಗುರುತಿಸೋಕೆ ಕೈಯಲ್ಲಿ ಜೀವಂತ ತಳಿ ಇರಬೇಕು. ಇದರಲ್ಲಿ 2,500ಕ್ಕೂ ಜಾಸ್ತಿ ವಿಧಗಳಿವೆ. ಜೀನೋಮ್ ಓದಿಸಬೇಕಾದರೂ ಅಷ್ಟೆ. ಅದರ ಡಿಎನ್ಎಯ ಸುಮಾರು 48 ಲಕ್ಷ ಅಕ್ಷರ ಓದಿ, ರೋಗಿಯಲ್ಲಿ ಸಿಕ್ಕಿದ್ದು, ಕೋಳಿಯಲ್ಲಿ ಸಿಕ್ಕಿದ್ದು, ಮೇವಿನಲ್ಲಿ ಸಿಕ್ಕಿದ್ದು ಒಂದೇ ಬಳ್ಳಿಯದೋ ಅಂತ ನೋಡ್ತೀವಿ. ಪ್ಲೇಟ್ ಎಸೆದರೆ ಈ ದಾರಿ ಮುಚ್ಚಿಹೋಗುತ್ತೆ.

ಪ್ರಶ್ನೆ: ಚರಂಡಿ ನೀರಲ್ಲಿ ಹುಡುಕೋದು ಅಂದಿರಿ. ಹರಿಯೋ ನೀರಲ್ಲಿ ಏನು ಸಿಗುತ್ತೆ?

ಉತ್ತರ: ಒಂದು ಬಾಟಲಿ ತುಂಬಿಕೊಂಡು ಬಂದರೆ ಸಿಗೋದು ಅದೃಷ್ಟ. 1948ರಲ್ಲಿ ಇಂಗ್ಲೆಂಡಿನ ಮೂರ್ ಅನ್ನೋರು ಒಂದು ಸರಳ ಉಪಾಯದ ಬಗ್ಗೆ ಬರೆದರು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಪಟ್ಟಿ ಸುತ್ತಿ, ದಾರ ಕಟ್ಟಿ, ಚರಂಡಿಯಲ್ಲಿ ಕೆಲವು ದಿನ ಇಳಿಬಿಡೋದು. ಹರಿಯುವ ನೀರನ್ನು ಬಟ್ಟೆ ಸೋಸುತ್ತಾ ಇರುತ್ತೆ. ಸಿಕ್ಕರೆ ಒಂದೊಂದೇ ಕವಲಿನಲ್ಲಿ ಬಟ್ಟೆ ಕಟ್ಟುತ್ತಾ ಮೇಲಕ್ಕೆ ಹೋಗಿ, ಹೊರಹಾಕುತ್ತಿರುವವರ ಮನೆಯ ತನಕ ತಲುಪಬಹುದು. ತಮಗೆ ಕಾಯಿಲೆಯೇ ಇಲ್ಲ ಅಂದುಕೊಂಡಿರುವ ಟೈಫಾಯ್ಡ್ ವಾಹಕರು ಹೀಗೆ ಸಿಕ್ಕಿದ್ದುಂಟು. ಪಿತ್ತಕೋಶದಲ್ಲಿ ಅವಿತುಕೊಂಡಿರುತ್ತೆ, ವರ್ಷಗಟ್ಟಲೆ. ಮೂರ್ ಸ್ವಾಬ್ ಅಂತ ಈಗಲೂ ಬಳಸ್ತೀವಿ.

ಪ್ರಶ್ನೆ: ಮನೆಯಲ್ಲಿ ಆಮೆ ಸಾಕಿದ್ದೇವೆ. ಟೆಸ್ಟ್ ಮಾಡಿಸಲಾ?

ಉತ್ತರ: ಬೇಡ, ದುಡ್ಡು ದಂಡ. ಆಮೆ, ಹಲ್ಲಿ ಜಾತಿಯ ಪ್ರಾಣಿಗಳಲ್ಲಿ ಇದು ಇರೋದು ಸಾಮಾನ್ಯ, ಬಿಟ್ಟು ಬಿಟ್ಟು ಹೊರಬರುತ್ತೆ. ನೆಗೆಟಿವ್ ಬಂದರೂ ನಾನು ನಂಬಲ್ಲ. ಇದೆ ಅಂತಲೇ ಇಟ್ಟುಕೊಂಡು ಕೈ ತೊಳೀರಿ. ತೊಟ್ಟಿಯ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಆಮೆ ಇಲ್ಲದಿರೋದೇ ಒಳ್ಳೆಯದು.

ಮರುಪ್ರಶ್ನೆ (ಕೋಳಿ ಫಾರಂನವರು): ಮೇಡಂ, ನಮ್ಮದು ನೆಲದ ಶೆಡ್ಡೇ. ಬೂಟಿನ ಕವರ್ ಒಣಗಿದ್ದೇ ಹಾಕಬೇಕಾ? ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಇದೆ.

ಉತ್ತರ: ಒಳ್ಳೇ ಪ್ರಶ್ನೆ ಸರ್, ತುಂಬಾ ಜನ ಎಡವೋದು ಇಲ್ಲೇ. ಒದ್ದೆ ಮಾಡಿ ಹಾಕಿ, ಆದರೆ ಕ್ರಿಮಿನಾಶಕ ಸೋಕದ ಶುದ್ಧ ನೀರಲ್ಲಿ. ತೊಟ್ಟಿ ದಾಟಿ ಒಳಗೆ ಹೋದ ಮೇಲೆ ಹೊಸ ಕವರ್ ಹಾಕಿಕೊಳ್ಳಿ. ವಾಪಸ್ ತೊಟ್ಟಿಗೆ ಕಾಲಿಡೋ ಮೊದಲೇ ಬಿಚ್ಚಿ, ಒಳಭಾಗ ಹೊರಗೆ ಬರೋ ಹಾಗೆ ಮಗುಚಿ, ಚೀಲಕ್ಕೆ ಹಾಕಿ ಅವತ್ತೇ ಕಳಿಸಿ. ಅವತ್ತೇ ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಲ್ಲಿ ಬೇಡ.