ಪದ ಬೇಕು, ಅರ್ಜೆಂಟು: ಕಾರ್ಪೊರೇಷನ್ನಿಗೆ "ನಿಗಮ" ಅನ್ನಬಹುದಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಅಡುಗೆ ಆರ್ಡರು, ಟ್ಯೂಷನ್ನು ಅಂತ ಸಣ್ಣದಾಗಿ ನಡೆಸ್ತಿರೋ ನಮ್ಮವರಿಗೆ, ಕಾರ್ಪೊರೇಷನ್ ಮಾಡಿಸೋಕೆ ಆ ರಾಜ್ಯ ಏನೇನು ಕೇಳುತ್ತೆ ಅಂತ ಎರಡು ಪುಟದ ಹಾಳೆ ಬರೀತಿದೀನಿ, ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ಷೇರಿನ ಸಂಖ್ಯೆ, ವಿಳಾಸ, 100 ಡಾಲರ್ ಫೀಸು, ಆಮೇಲೆ 90 ದಿನದೊಳಗೆ ಕೊಡಬೇಕಾದ ಮಾಹಿತಿ ಪತ್ರ, ಇವೆಲ್ಲ ಸಲೀಸಾಗಿ ಬಂತು. ಸಿಕ್ಕಾಕ್ಕೊಂಡಿರೋದು ಇನ್‌ಕಾರ್ಪೊರೇಟರ್, ಏಜೆಂಟ್ ಫಾರ್ ಸರ್ವಿಸ್ ಆಫ್ ಪ್ರೋಸೆಸ್, ಸೆಕ್ರೆಟರಿ ಆಫ್ ಸ್ಟೇಟ್ ಈ ಮೂರಲ್ಲಿ. ಕಾರ್ಪೊರೇಷನ್ನಿಗೆ ಸದ್ಯಕ್ಕೆ "ನಿಗಮ" ಅಂತ ಹಾಕಿದೀನಿ, ಸರೀನಾ?

ಉತ್ತರ:
ನಿಗಮ ಸರಿಯಾಗಿದೆ, ಮುಟ್ಟಬೇಡಿ. ಪಾಲಿಯಲ್ಲಿ ನಿಗಮ ಅಂದ್ರೆ ಸಂತೆಯ ಊರು, ಸಂಸ್ಕೃತದಲ್ಲಿ ನೈಗಮ ಅಂದ್ರೆ ವ್ಯಾಪಾರಿ. ವ್ಯಾಪಾರದ ಅರ್ಥ ಆ ಪದದ ಒಳಗೇ ಇದೆ. ಇನ್‌ಕಾರ್ಪೊರೇಟರ್‌ಗೆ ನಿಗಮಸ್ಥಾಪಕ ಅನ್ನಿ.

ಉತ್ತರ:
ಪಾಲಿ ಇಲ್ಲಿ ಯಾಕೆ ಬಂತು? ಕಾರ್ಪೊರೇಷನ್ನಿನ ಬೇರು ಲ್ಯಾಟಿನ್ನಿನ ಕಾರ್ಪಸ್, ಅಂದ್ರೆ ಮೈ. ನಮ್ಮಲ್ಲಿ ಒಡಲು ಇದೆ, ಕೂಟ ಇದೆ, ಒಡಲ್ಕೂಟ ಅನ್ನಿ. ಐಹೊಳೆಯ ವರ್ತಕರು ಅಷ್ಟು ದೂರದವರೆಗೂ ವ್ಯಾಪಾರ ಮಾಡಿದವರು, ಅವರ ಸಂಘಕ್ಕೆ "ಐನೂರ್ವರು" ಅನ್ನೋ ಅಚ್ಚಗನ್ನಡ ಹೆಸರೇ ಸಾಕಾಗಿತ್ತು. ನಮಗೆ ಮಾತ್ರ ಪ್ರತಿಯೊಂದಕ್ಕೂ ಸಾಲ ಬೇಕು.

ಉತ್ತರ:
ಅದೇ ಐನೂರ್ವರ ಶಾಸನಗಳ ಪ್ರಶಸ್ತಿ ಭಾಗ, ಅಂದ್ರೆ ಹೊಗಳಿಕೆಯ ಸಾಲುಗಳನ್ನ ಒಮ್ಮೆ ಓದಿ, ಸಂಸ್ಕೃತ ತುಂಬಿ ತುಳುಕುತ್ತೆ. ಒಡಲ್ಕೂಟ ಅನ್ನೋದನ್ನ ಯಾರೂ ಆಡಿಲ್ಲ, ಆಡೋದೂ ಇಲ್ಲ.

ಉತ್ತರ:
ಇಬ್ಬರೂ ಹಾಳೆ ಓದೋರನ್ನ ಮರೆತಿದೀರಿ. ನಿಗಮ ಅಂದ ಕೂಡಲೇ ನಮ್ಮ ಜನಕ್ಕೆ ಕಣ್ಮುಂದೆ ಬರೋದು ರಸ್ತೆ ಸಾರಿಗೆ ನಿಗಮ, ಜೀವ ವಿಮಾ ನಿಗಮ, ಅಂದ್ರೆ ಸರ್ಕಾರದ್ದು. ಸ್ವಂತ ದುಡ್ಡು ಹಾಕಿ ಅಡುಗೆ ವ್ಯವಹಾರ ಮಾಡೋರು ನಿಗಮ ಸ್ಥಾಪಿಸಿ ಅಂತ ಓದಿದ್ರೆ ಇದು ತನಗಲ್ಲ ಅಂತ ಪಕ್ಕಕ್ಕಿಡ್ತಾರೆ. ಕಾರ್ಪೊರೇಷನ್ ಅಂತಲೇ ಬಿಡಿ ಅಥವಾ ಕಂಪನಿ ಅನ್ನಿ, ಆದ್ರೆ ಅಲ್ಲಿ ಎಲ್‌ಎಲ್‌ಸಿ (ಲಿಮಿಟೆಡ್ ಲಯಬಿಲಿಟಿ ಕಂಪನಿ) ಅನ್ನೋ ಬೇರೆ ಥರದ ಸಂಸ್ಥೆಯೂ ಒಂದಿದೆ, ಎರಡನ್ನೂ ಕಂಪನಿ ಅಂದ್ರೆ ಜನ ತಪ್ಪು ಫಾರಂ ತುಂಬ್ತಾರೆ, ಹಾಗಾಗಿ ನನ್ನ ಓಟು ಕಾರ್ಪೊರೇಷನ್ನಿಗೆ.

ಸ್ಥಾಪಕ ಕೂಡ ಬೇಡ. ಇನ್‌ಕಾರ್ಪೊರೇಟರ್ ಮಾಲೀಕನೇ ಆಗಿರಬೇಕು ಅಂತೇನಿಲ್ಲ, ಲಾಯರ್ ಕೂಡ ರುಜು ಹಾಕಬಹುದು, ಡೈರೆಕ್ಟರುಗಳು ಬಂದ ಮೇಲೆ ಇನ್‌ಕಾರ್ಪೊರೇಟರ್ ಕೆಲಸ ಹೆಚ್ಚುಕಮ್ಮಿ ಮುಗೀತು. "ನೋಂದಣಿ ಪತ್ರಕ್ಕೆ ರುಜು ಹಾಕುವವರು" ಅಂತ ಬಿಡಿಸಿ ಬರೀರಿ. ಏಜೆಂಟ್ ಅಂತ ಮಾತ್ರ ಖಂಡಿತ ಬಿಡಬೇಡಿ, ನಮ್ಮಲ್ಲಿ ಏಜೆಂಟ್ ಅಂದ್ರೆ ಆರ್‌ಟಿಓ ಆಫೀಸಿನ ಮುಂದೆ ನಿಂತಿರೋರು. ಕ್ಯಾಲಿಫೋರ್ನಿಯಾದಲ್ಲಿ ಈ ಏಜೆಂಟರ ಕೆಲಸ ಒಂದೇ, ಕಂಪನಿ ಮೇಲೆ ಕೇಸು ಬಿದ್ರೆ ಸಮನ್ಸ್ ತಗೊಳ್ಳೋದು. ಊರಲ್ಲಿ ಕೋರ್ಟಿನ ಅಮೀನ ಮನೆಗೆ ಬಂದು ಜಾರಿ ಮಾಡ್ತಾನಲ್ಲ, ಅದನ್ನ ಕಂಪನಿ ಪರವಾಗಿ ಕೈಗೆ ತಗೊಳ್ಳೋರು. ಅದಕ್ಕೇ ಅವರಿಗೆ ಆ ರಾಜ್ಯದೊಳಗೇ ಮನೆಯದೋ ಆಫೀಸಿನದೋ ಬೀದಿ ವಿಳಾಸ ಇರಬೇಕು, ಬರೀ ಪೋಸ್ಟ್ ಬಾಕ್ಸ್ ನಡೆಯಲ್ಲ. "ಸಮನ್ಸ್ ಸ್ವೀಕರಿಸುವ ಪ್ರತಿನಿಧಿ" ಅನ್ನಿ.

ಸೆಕ್ರೆಟರಿ ಆಫ್ ಸ್ಟೇಟ್ ಬಗ್ಗೆ ಹುಷಾರು. ನಮ್ಮ ಪೇಪರಿನಲ್ಲಿ ಆ ಹೆಸರಿಗೆ ವಿದೇಶಾಂಗ ಸಚಿವ ಅಂತ ಬರುತ್ತೆ, ಅದು ವಾಷಿಂಗ್ಟನ್ನಿನವರು. ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದವರು ಬೇರೆ, ಆ ರಾಜ್ಯದ ಜನ ಆರಿಸಿದವರು. ಮುಖ್ಯ ಕಾರ್ಯದರ್ಶಿ ಅಂತಲೂ ಬರೀಬೇಡಿ. ನಮ್ಮಲ್ಲಿ ಕಂಪನಿ ಕಾನೂನು ಕೇಂದ್ರದ್ದು, ಅಲ್ಲಿ ರಾಜ್ಯದ್ದು, ಡೆಲವೇರ್ ರಾಜ್ಯದಲ್ಲಾದ್ರೆ ಹೆಸರಿನಲ್ಲಿ ಇನ್ಕ್ (ಇನ್‌ಕಾರ್ಪೊರೇಟೆಡ್), ಲಿಮಿಟೆಡ್ ಥರ ಒಂದು ಪದ ಇರಲೇಬೇಕು, ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಆ ಕಡ್ಡಾಯ ಇಲ್ಲ. ಬರೀ "ಸರ್ಕಾರ" ಅಂತ ಬರೆದ್ರೆ ಯಾವುದು ಅಂತ ಗೊತ್ತಾಗಲ್ಲ, ಪ್ರತಿ ಸಲ ರಾಜ್ಯದ ಹೆಸರು ಸೇರಿಸಿ.

ಉತ್ತರ:
ಹೀಗೆ ಒಂದೊಂದೇ ಪದ ಇಂಗ್ಲಿಷಿಗೆ ಬಿಟ್ಕೊಟ್ಟು ಕೊನೆಗೆ ಕ್ರಿಯಾಪದ ಮಾತ್ರ ಕನ್ನಡದ್ದು ಉಳಿಯುತ್ತೆ. ನಾನು ಒಪ್ಪಲ್ಲ.

ಉತ್ತರ:
ಸಮನ್ಸ್, ಜಾರಿ, ಅಮೀನ, ರುಜು, ಇದರಲ್ಲಿ ಯಾವುದು ಅಚ್ಚಗನ್ನಡ ಹೇಳಿ. ತಾಲ್ಲೂಕು ಕಚೇರಿಗೆ ಓಡಾಡಿದ ರೈತನಿಗೆ ಇವೆಲ್ಲ ಅವನದೇ ಮಾತು.

ಪ್ರಶ್ನೆ ಕೇಳಿದವರಿಂದ:
ತುಂಬಾ ಥ್ಯಾಂಕ್ಸ್ ಸರ್. ಕಾರ್ಪೊರೇಷನ್ ಹಾಗೇ ಬಿಟ್ಟೆ, ರುಜು ಹಾಕುವವರು, ಸಮನ್ಸ್ ಸ್ವೀಕರಿಸುವ ಪ್ರತಿನಿಧಿ ಎರಡನ್ನೂ ತಗೊಂಡೆ. ಸೆಕ್ರೆಟರಿಗೆ "ಕ್ಯಾಲಿಫೋರ್ನಿಯಾ ರಾಜ್ಯದ ನೋಂದಣಿ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ" ಅಂತ ಮೊದಲ ಸಲ ಉದ್ದಕ್ಕೆ ಬರೆದು, ಆಮೇಲೆ ಬರೀ "ಆ ಕಚೇರಿ" ಅಂದಿದೀನಿ. ಷೇರಿನ ಪಾರ್ ವ್ಯಾಲ್ಯೂಗೆ ಮುಖಬೆಲೆ ಅಂತ ಹಾಕಿದೀನಿ, ಅದರಲ್ಲಿ ತಪ್ಪಿದ್ರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.