ಹವಳಕ್ಕೆ ಬೀಳುವುದು ಕೀಟವೋ, ಪೀಡೆಯೋ, ಹುಳವೋ?

ಎಲ್ಲರಿಗೂ ನಮಸ್ಕಾರ.

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಒಂದು ಉಪ್ಪುನೀರಿನ ತೊಟ್ಟಿ ಇದೆ. ಮೀನು ಕಡಿಮೆ, ಹವಳ ಜಾಸ್ತಿ. ಉಂಗುರದ ಹವಳ ಅಲ್ಲ, ಜೀವ ಇರುವ ಹವಳ. (ಊರಿನಲ್ಲಿರುವವರು ಆಸೆಪಡಬೇಡಿ. ಭಾರತದಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ.) ಇಲ್ಲಿನ ಇಬ್ಬರು ಕನ್ನಡದ ಗೆಳೆಯರು ಹೊಸದಾಗಿ ತೊಟ್ಟಿ ಇಟ್ಟಿದ್ದಾರೆ. ಅವರಿಗೆಂದು ಹವಳದ ‘ಪೆಸ್ಟ್’ಗಳ ಬಗ್ಗೆ ಎರಡು ಪುಟ ಬರೆಯಲು ಕೂತವನು ಆ ಮೊದಲ ಪದದಲ್ಲೇ ಸಿಕ್ಕಿಹಾಕಿಕೊಂಡೆ.

‘ಕೀಟ’ ಅನ್ನೋಣವೆಂದರೆ ಇವುಗಳಲ್ಲಿ ಒಂದೂ ಕೀಟವಲ್ಲ. ಒಂದು ಚಪ್ಪಟೆ ಹುಳ, ಒಂದು ಸಿಗಡಿಯ ದೂರದ ನೆಂಟ, ಒಂದು ಚಿಪ್ಪಿಲ್ಲದ ಬಸವನಹುಳು, ಇನ್ನೊಂದಂತೂ ಹವಳದ ದಾಯಾದಿಯೇ. ‘ಪೀಡೆ’ ಕೃಷಿ ಪುಸ್ತಕಗಳಲ್ಲಿದೆ, ಆದರೆ ನನ್ನ ಕಿವಿಗೆ ಅದು “ಪೀಡೆ ತೊಲಗಿತು” ಎಂದು ನಿಟ್ಟುಸಿರು ಬಿಡುವ ಪೀಡೆ. ‘ಪಿಡುಗು’ ಎಂದರೆ ವರದಕ್ಷಿಣೆಯೇ ನೆನಪಾಗುತ್ತದೆ.

ಒಂದು ಸಂಜೆ ಅಮ್ಮನಿಗೆ ವಿಡಿಯೋದಲ್ಲಿ ತೊಟ್ಟಿ ತೋರಿಸುತ್ತಿದ್ದೆ. ಅಕ್ರೊಪೊರಾ ಅನ್ನುವ ಕವಲು ಹವಳದ ಬುಡದಲ್ಲಿ ದುಂಡಗೆ ಬಿಳಿಚಿದ ಚುಕ್ಕೆಗಳು. “ಹುಳ ಬಿದ್ದಿದೆ ಅಲ್ವೇನೋ? ಔಷಧಿ ಹೊಡಿ” ಅಂದರು. ಅಡಿಕೆ ತೋಟದವರು. ಆಗ ಹೊಳೆಯಿತು. ನಾನು ಹುಡುಕುತ್ತಿದ್ದುದು ನಾಮಪದ, ಕನ್ನಡ ಈ ಕೆಲಸವನ್ನು ಕ್ರಿಯಾಪದಕ್ಕೆ ಬಿಟ್ಟಿದೆ. ಅಕ್ಕಿಗೆ ಹುಳ ಬೀಳುತ್ತದೆ. ಬಾಗಿಲಿಗೆ ಗೆದ್ದಲು ಹಿಡಿಯುತ್ತದೆ. ಪಾತಿಯಲ್ಲಿ ಕಳೆ ಏಳುತ್ತದೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವ ಪದ ನಮಗೆ ಬೇಕಾಗಿರಲೇ ಇಲ್ಲವೇನೋ.

ಅಮ್ಮನ ರೋಗಪತ್ತೆ ಸರಿ ಇತ್ತು. ಆ ಚಪ್ಪಟೆ ಹುಳಕ್ಕೆ ವಿಜ್ಞಾನದ ಹೆಸರು ಬಿದ್ದದ್ದೇ 2011ರಲ್ಲಿ. ತಾನು ತಿಂದ ಹವಳದ ಬಣ್ಣವೇ ಅದಕ್ಕೂ ಬರುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದು ಹುಳವಲ್ಲ, ಕಚ್ಚಿದ ಗುರುತು. ಆದರೆ ‘ಹೊಡಿ’ ನಡೆಯುವುದಿಲ್ಲ. ತೋಟಕ್ಕೆ ಹೊಡೆಯುವ ಮೈಲುತುತ್ತವನ್ನು ತೊಟ್ಟಿಗೆ ಹಾಕಿದರೆ ಅದರ ತಾಮ್ರಕ್ಕೆ ಹವಳ, ಸಿಗಡಿ ಎಲ್ಲ ಸಾಯುತ್ತವೆ. ಹವಳವನ್ನು ಹೊರಗೆ ತೆಗೆದು, ಬಿಳಿ ಬಕೆಟ್ಟಿನಲ್ಲಿ ತೊಟ್ಟಿಯದೇ ನೀರಿಗೆ ಔಷಧಿ ಬೆರೆಸಿ, ಹತ್ತು ನಿಮಿಷ ಅದ್ದಿಡಬೇಕು. ನಡುವೆ ಪಿಚಕಾರಿಯಿಂದ ನೀರು ಚಿಮ್ಮಿಸಿದರೆ ಹುಳಗಳು ಉದುರಿ ಬಕೆಟ್ಟಿನ ತಳದಲ್ಲಿ ಕಾಣುತ್ತವೆ. ಇಲ್ಲಿಯವರು ‘ಡಿಪ್’ ಅನ್ನುತ್ತಾರೆ. ಸಸಿಯ ಬೇರನ್ನು ಔಷಧಿಗೆ ಅದ್ದಿ ನೆಡುವ ನಮಗೆ ‘ಅದ್ದು’ ಸಾಕಲ್ಲವೇ?

ನಾನು ಒಂದೇ ಸಲ ಅದ್ದಿ ಸುಮ್ಮನಾದೆ. ಎರಡು ವಾರಕ್ಕೆ ಮತ್ತೆ ಹುಳ. ಭೂತಗನ್ನಡಿಯಲ್ಲಿ ನೋಡಿದರೆ, ಬುಡದ ಬರಿಗಲ್ಲಿಗೆ ಕಂದು ಮೊಟ್ಟೆಗಳು ಗುಂಪಾಗಿ ಅಂಟಿಕೊಂಡಿದ್ದವು. ಔಷಧಿ ಮೊಟ್ಟೆಗೆ ತಾಗುವುದೇ ಇಲ್ಲ. “ಹೇನು ಹೋದರೂ ಸೀರು ಉಳಿದಿದೆ ಬಿಡು” ಅಂದರು ಅಮ್ಮ. ಸೀರು! ಕೂದಲಿಗೆ ಅಂಟಿದ ಹೇನಿನ ಮೊಟ್ಟೆ. ಅದನ್ನು ತೆಗೆಯಲೆಂದೇ ಸೀರಣಿಗೆ ಇತ್ತು. ನನ್ನದು ಹಳೆಯ ಟೂತ್‌ಬ್ರಷ್. ಕೆರೆದು ತೆಗೆದು, ವಾರಕ್ಕೊಮ್ಮೆ ಅದ್ದುತ್ತಾ, ಆರು ವಾರ ಕಳೆಯಿತು.

ಅಕ್ರೊಪೊರಾದ ಮೇಲೆ ಇನ್ನೊಂದು ಬರುತ್ತದೆ, ಅರ್ಧ ಮಿಲಿಮೀಟರಿನದು. ಇಂಗ್ಲಿಷಿನವರಿಗೆ ‘ರೆಡ್ ಬಗ್’, ಆದರೆ ಮೈಯೆಲ್ಲ ಹಳದಿ, ಕೆಂಪು ಇರುವುದು ಒಂದು ಚುಕ್ಕೆ ಮಾತ್ರ. ಅದಕ್ಕೆ ‘ಹವಳದ ಹೇನು’ ಅಂತ ನಾನೇ ಇಟ್ಟುಬಿಟ್ಟೆ.

ಐಪ್ಟೇಸಿಯಾದ ಕಥೆ ಬೇರೆ. ಪುಟ್ಟ ತೆಂಗಿನ ಮರದಂತೆ ಕಾಣುವ ಕಂದು ಕಡಲಹೂ, ಪಕ್ಕದ ಹವಳವನ್ನು ಚುಚ್ಚಿ ಸುಡುತ್ತದೆ. ಹುಳ ಅಂದುಕೊಂಡು ಚಾಕುವಿನಿಂದ ಹೆರೆದೆ. ಉಳಿದ ಚೂರುಗಳೆಲ್ಲ ಚಿಗುರಿ ಒಂದಿದ್ದದ್ದು ಹತ್ತಾಯಿತು. ಕೊನ್ನಾರಿ ಗಡ್ಡೆ ಕಿತ್ತವರಿಗೆ ಈ ಅನುಭವ ಗೊತ್ತು. ಹಾಗಾಗಿ ಅದು ‘ಕಳೆ’. ಪ್ರಾಣಿಯನ್ನು ಕಳೆ ಅನ್ನಬಹುದೇ ಅನ್ನುವುದು ನನ್ನ ನಿಜವಾದ ಅನುಮಾನ. ಅಂದಿದ್ದರೆ ನಾನು ಚಾಕು ಮುಟ್ಟುತ್ತಿರಲಿಲ್ಲ.

ಅದಕ್ಕೆ ಮದ್ದು ಸುಣ್ಣ. ಹವಳಕ್ಕೆ ಕ್ಯಾಲ್ಸಿಯಂ ಸಿಗಲೆಂದು ನಾವು ಹನಿಹನಿಯಾಗಿ ಬಿಡುವ ‘ಕಾಲ್ಕ್‌ವಾಸರ್’ ಜರ್ಮನ್ ಪದ. ಅರ್ಥ ನೋಡಿದರೆ ಸುಣ್ಣದ ನೀರು, ಅಷ್ಟೇ! ಅದರ ಪುಡಿಯನ್ನೇ ವೀಳ್ಯದೆಲೆಗೆ ಹಚ್ಚುವ ಹದಕ್ಕೆ ಕಲಸಿ, ಸಿರಿಂಜಿನಿಂದ ಕಳೆಯ ಬಾಯಿಗೆ ಹಾಕಿದರೆ ಅಲ್ಲೇ ಮುದುಡುತ್ತದೆ. ಒಂದೇ ದಿನ ಜಾಸ್ತಿ ಹಾಕಬಾರದು, ನೀರಿನ ಪಿಎಚ್ ಏರಿಬಿಡುತ್ತದೆ. ತಿಳಿಯಾದದ್ದಕ್ಕೆ ‘ಸುಣ್ಣದ ತಿಳಿ’, ಕಲಸಿದ್ದಕ್ಕೆ ಬರೀ ‘ಸುಣ್ಣ’ ಅಂತ ಬರೆದಿದ್ದೇನೆ.

ಈಗ ಬಲ್ಲವರಿಗೆ ಎರಡು ಪ್ರಶ್ನೆ. ನಿಮ್ಮ ಕಡೆ ‘ಸೀರು’ ಹೇನಿನ ಮೊಟ್ಟೆಗೆ ಮಾತ್ರವೋ, ಎಲೆಗೆ ಅಂಟಿದ ಹುಳದ ಮೊಟ್ಟೆಗೂ ಬಳಸುತ್ತೀರೋ? ಮತ್ತೆ, ದೋಣಿಯ ತಳಕ್ಕೆ ಚಿಪ್ಪುಗಳು ಕಚ್ಚಿಕೊಂಡಾಗ ಕರಾವಳಿಯವರು ಯಾವ ಕ್ರಿಯಾಪದ ಹಾಕುತ್ತಾರೆ: ಬಿದ್ದಿದೆ, ಹಿಡಿದಿದೆ, ಹತ್ತಿದೆ?